ಅಂಚೆಮನೆಯ ಕೀಲಿ ಯಾರ ಕೈಯಲ್ಲಿ?

ಕೆಂಪು ಡಬ್ಬಿಗೆ ಹಾಕಿದ ಕಾಗದ ಯಾರ ಯಾರ ಕೈ ದಾಟಿ ಊರು ಸೇರುತ್ತದೆ ಎಂಬುದು ಒಂದು ತಲೆಮಾರಿನ ಜನಕ್ಕೆಲ್ಲ ಗೊತ್ತಿದ್ದ ಸಂಗತಿ. ಡಬ್ಬಿಯ ಬೀಗ ತೆಗೆಯುವವನು, ಮುದ್ರೆ ಒತ್ತುವ ಗುಮಾಸ್ತ, ರಾತ್ರಿಯ ರೈಲಿನಲ್ಲಿ ನಿಂತುಕೊಂಡೇ ಊರೂರಿನ ಗೂಡುಗಳಿಗೆ ಕಾಗದ ಹಂಚುವ ಆರ್‌ಎಂಎಸ್ ನೌಕರ, ಕೊನೆಗೆ ಸೈಕಲ್ಲಿನ ಅಂಚೆಯಣ್ಣ. ಇ-ಮೇಲ್‌ನಲ್ಲಿ ಇವರಾರೂ ಕಾಣಿಸುವುದಿಲ್ಲ. ಕಳುಹಿಸುವ ಗುಂಡಿ ಒತ್ತಿದ ಕ್ಷಣದಿಂದ ಅತ್ತ ಕಡೆಯವರ ಪೆಟ್ಟಿಗೆಗೆ ಪತ್ರ ಬೀಳುವ ತನಕ ಇಷ್ಟೂ ಜನರ ಕೆಲಸವನ್ನು ಒಂದು ತಂತ್ರಾಂಶ ಮಾಡಿ ಮುಗಿಸುತ್ತದೆ. ಅದರ ಹೆಸರು ಪತ್ರ ಬರೆದವರಿಗೂ ಗೊತ್ತಿಲ್ಲ, ಓದಿದವರಿಗೂ ಗೊತ್ತಿಲ್ಲ.

ಗೊತ್ತಿರಲೇಬೇಕಾದವರು ಒಬ್ಬರಿದ್ದಾರೆ. ಕಾಲೇಜಿನಲ್ಲೋ ಕಚೇರಿಯಲ್ಲೋ ಲಿನಕ್ಸ್ ಹಾಕಿದ ಕಂಪ್ಯೂಟರೊಂದನ್ನು ಅಂಚೆಮನೆಯಾಗಿ ನಿಲ್ಲಿಸುವ ಹೊಣೆ ಹೊತ್ತ ವ್ಯವಸ್ಥಾಪಕರು. ಅವರ ಮುಂದೆ ಮುಖ್ಯವಾಗಿ ನಾಲ್ಕು ಹೆಸರುಗಳಿರುತ್ತವೆ: ಸೆಂಡ್‌ಮೇಲ್, ಎಕ್ಸಿಮ್, ಕ್ಯೂಮೇಲ್, ಪೋಸ್ಟ್‌ಫಿಕ್ಸ್. ಕೇಳಿದರೆ ಔಷಧದಂಗಡಿಯ ಕಪಾಟಿನ ಮುಂದೆ ನಿಂತಂತಾಗುತ್ತದೆ. ನಾಲ್ಕೂ ಹಣವಿಲ್ಲದೆ ಸಿಗುತ್ತವೆ. ನಾಲ್ಕೂ ಎಸ್‌ಎಂಟಿಪಿ ಎಂಬ ಒಂದೇ ಭಾಷೆಯಲ್ಲಿ ಜಗತ್ತಿನ ಬೇರೆ ಅಂಚೆಮನೆಗಳ ಜತೆ ಮಾತನಾಡುತ್ತವೆ. ಪತ್ರವನ್ನು ತೆಗೆದುಕೊಳ್ಳುವುದು, ಸರದಿಯಲ್ಲಿ ಇಡುವುದು, ಮುಂದಿನ ಯಂತ್ರ ಸಿಗದಿದ್ದರೆ ದಿನಗಟ್ಟಲೆ ಮತ್ತೆ ಮತ್ತೆ ಯತ್ನಿಸುವುದು, ಆಗದಿದ್ದರೆ ಬರೆದವರಿಗೆ ಹಿಂದಿರುಗಿಸುವುದು - ಕೆಲಸವೂ ಒಂದೇ. ಹಾಗಿದ್ದ ಮೇಲೆ ನಾಲ್ಕು ಏಕೆ ಹುಟ್ಟಿದವು? ಹೊರಗಿನ ಅಪರಿಚಿತನ ಪತ್ರವನ್ನು ಮುಟ್ಟುವ ಕೈಗೆ ಮನೆಯೊಳಗಿನ ಎಷ್ಟು ಕೀಲಿಗಳನ್ನು ಕೊಡಬಹುದು ಎಂಬ ಪ್ರಶ್ನೆಗೆ ನಾಲ್ಕು ಮಂದಿ ನಾಲ್ಕು ಉತ್ತರ ಕೊಟ್ಟರು. ಆ ಉತ್ತರಗಳ ಕಥೆಯೇ ಈ ತಂತ್ರಾಂಶಗಳ ಚರಿತ್ರೆ.

ಕಥೆ ಆರಂಭವಾಗುವುದು ಲಿನಕ್ಸ್ ಹುಟ್ಟುವುದಕ್ಕೆ ಒಂದು ದಶಕಕ್ಕೂ ಮುಂಚೆ, ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಇಂಗ್ರೆಸ್ ಎಂಬ ಸಂಶೋಧನಾ ಯೋಜನೆಯ ಕಂಪ್ಯೂಟರಿಗೆ ಇಂದಿನ ಇಂಟರ್‌ನೆಟ್ಟಿನ ಹಿರಿಯಜ್ಜನಾದ ಆರ್ಪಾನೆಟ್‌ನ ಸಂಪರ್ಕವಿತ್ತು. ಬೇರೆ ವಿಭಾಗದವರೆಲ್ಲ ಆ ಯಂತ್ರದಲ್ಲಿ ತಮಗೂ ಒಂದು ಖಾತೆ ಬೇಕೆಂದು ದುಂಬಾಲು ಬಿದ್ದರು. ಯಂತ್ರಕ್ಕೆ ಅಷ್ಟು ಜನರನ್ನು ಹೊರುವ ಶಕ್ತಿ ಇರಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದ ಎರಿಕ್ ಆಲ್ಮನ್, ಇವರಿಗೆಲ್ಲ ಬೇಕಾಗಿರುವುದು ಖಾತೆಯಲ್ಲ, ಆರ್ಪಾನೆಟ್‌ನಿಂದ ಬರುವ ಪತ್ರಗಳು ಎಂಬುದನ್ನು ಗುರುತಿಸಿದರು. ಒಂದು ಜಾಲದಿಂದ ಬಂದ ಪತ್ರವನ್ನು ಇನ್ನೊಂದು ಜಾಲಕ್ಕೆ ದಾಟಿಸುವ ಡೆಲಿವರ್‌ಮೇಲ್ ಎಂಬ ತಂತ್ರಾಂಶವನ್ನು 1979ರಲ್ಲಿ ಬರೆದುಕೊಟ್ಟರು.

ದಾಟಿಸುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಆರ್ಪಾನೆಟ್‌ನ ವಿಳಾಸದಲ್ಲಿ '@' ಚಿಹ್ನೆ. ದೂರವಾಣಿ ತಂತಿಯ ಮೇಲೆ ಯಂತ್ರದಿಂದ ಯಂತ್ರಕ್ಕೆ ಪತ್ರ ದಾಟಿಸುತ್ತಿದ್ದ ಯುಯುಸಿಪಿ ಜಾಲದಲ್ಲಿ '!' ಚಿಹ್ನೆ, ಅಲ್ಲಿ ವಿಳಾಸ ಎಂದರೆ ದಾರಿಯ ಪ್ರತಿ ನಿಲ್ದಾಣದ ಹೆಸರನ್ನೂ ಸಾಲಾಗಿ ಬರೆಯಬೇಕು. ಬರ್ಕ್ಲಿಯ ಒಳಜಾಲದಲ್ಲಿ ':' ಚಿಹ್ನೆ. ಆಲ್ಮನ್ ತಮ್ಮ ತಂತ್ರಾಂಶವನ್ನು ತಿದ್ದಿ ಬೆಳೆಸಿ ಯಾವ ಬಗೆಯ ವಿಳಾಸವನ್ನಾದರೂ ಯಾವ ಬಗೆಗಾದರೂ ಪರಿವರ್ತಿಸುವಂತೆ ಮಾಡಿದರು. ಅದೇ ಸೆಂಡ್‌ಮೇಲ್. 1982ರ ಆಗಸ್ಟಿನಲ್ಲಿ ಜಾನ್ ಪೋಸ್ಟೆಲ್ (ಹೆಸರಿನಲ್ಲೇ ಪೋಸ್ಟ್ ಇದ್ದದ್ದು ಕಾಕತಾಳೀಯ) ಎಸ್‌ಎಂಟಿಪಿಯ ನಿಯಮಗಳನ್ನು ಪ್ರಕಟಿಸಿದರು. 1983ರ ಜನವರಿ 1ರಂದು ಆರ್ಪಾನೆಟ್ ಇಂದಿನ ಇಂಟರ್‌ನೆಟ್ ಬಳಸುವ ಟಿಸಿಪಿ/ಐಪಿ ಕ್ರಮಕ್ಕೆ ಬದಲಾಯಿತು. ಅದೇ ವರ್ಷ ಬರ್ಕ್ಲಿ ಹಂಚಿದ ಯೂನಿಕ್ಸ್‌ನೊಂದಿಗೆ ಸೆಂಡ್‌ಮೇಲ್ ಕೂಡ ಊರೂರು ತಿರುಗಿತು.

ಭಾರತ ಈ ಅಂಚೆಯ ಬಳಗಕ್ಕೆ ಸೇರಿದ್ದೂ ಅದೇ ದಶಕದಲ್ಲಿ. 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯ ಮೊದಲ ಪಾಲುದಾರರು ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬಯಿಯ ಎನ್‌ಸಿಎಸ್‌ಟಿ ಹಾಗೂ ಕೇಂದ್ರದ ಇಲೆಕ್ಟ್ರಾನಿಕ್ಸ್ ಇಲಾಖೆ. ಆರಂಭದ ವರ್ಷಗಳಲ್ಲಿ ಪತ್ರಗಳು ಯುಯುಸಿಪಿ ಮೂಲಕವೇ, ದೂರವಾಣಿಯ ಗೊರಗೊರ ಸದ್ದಿನ ನಡುವೆ ಸಾಗುತ್ತಿದ್ದವು. ಹೊರದೇಶಕ್ಕೆ ಮುಂಬಯಿಯೇ ಹೆಬ್ಬಾಗಿಲು. ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಬಾಗಿಲು ತೆರೆದ ಮೇಲೆ.

ಎಲ್ಲ ವಿಳಾಸವನ್ನೂ ಅರ್ಥ ಮಾಡಿಕೊಳ್ಳುವ ಶಕ್ತಿಗೆ ಸೆಂಡ್‌ಮೇಲ್ ತೆತ್ತ ಬೆಲೆ ಎರಡು. ಮೊದಲನೆಯದು ಅದರ ಸಂರಚನಾ ಕಡತ. ಡಾಲರ್, ನಕ್ಷತ್ರ, ಕೂಡುವ ಕಳೆಯುವ ಚಿಹ್ನೆಗಳಿಂದ ಕಿಕ್ಕಿರಿದ ಆ ಬರಹ ಕಾಗೆ ಕಾಲು ಗುಬ್ಬಿ ಕಾಲಿನಂತೆ ಕಾಣುತ್ತಿತ್ತು. ಅದನ್ನು ವಿವರಿಸಲು ಓರೈಲಿ ಪ್ರಕಾಶನ 1993ರಲ್ಲಿ ಹೊರತಂದ, ಮುಖಪುಟದಲ್ಲಿ ಬಾವಲಿಯ ಚಿತ್ರವಿದ್ದ ಪುಸ್ತಕ 1997ರ ಎರಡನೆಯ ಮುದ್ರಣದ ಹೊತ್ತಿಗೆ ಸಾವಿರ ಪುಟ ದಾಟಿತ್ತು. ಅಂಚೆಯವನೊಬ್ಬನನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಸಾವಿರ ಪುಟ ಓದಬೇಕಾದ ಸ್ಥಿತಿ ಅದು. ನುರಿತವರು ಮಾತ್ರ ಆ ಪುಸ್ತಕವನ್ನು ಮೇಜಿನ ಮೇಲೆ ಹೆಮ್ಮೆಯಿಂದ ಇಟ್ಟುಕೊಳ್ಳುತ್ತಿದ್ದರು.

ಎರಡನೆಯ ಬೆಲೆ ಕಣ್ಣಿಗೆ ಕಾಣದ್ದು, ಹೆಚ್ಚು ದುಬಾರಿಯಾದದ್ದು. ಯೂನಿಕ್ಸ್ ವಂಶದ ಎಲ್ಲ ವ್ಯವಸ್ಥೆಗಳಲ್ಲೂ, ಲಿನಕ್ಸ್ ಸೇರಿದಂತೆ, 'ರೂಟ್' ಎಂಬ ಒಬ್ಬ ಸರ್ವಾಧಿಕಾರಿ ಇರುತ್ತಾನೆ. ಅವನು ಯಾರ ಕಡತವನ್ನಾದರೂ ಓದಬಲ್ಲ, ಅಳಿಸಬಲ್ಲ. ಹೊರಗಿನ ಪತ್ರಗಳು ಬರುವ 25ನೇ ಸಂಖ್ಯೆಯ ಬಾಗಿಲನ್ನು ತೆರೆಯಲು ರೂಟ್‌ನ ಅಧಿಕಾರ ಬೇಕು. ಬಂದ ಪತ್ರವನ್ನು ಯಾವ ಬಳಕೆದಾರರ ಪೆಟ್ಟಿಗೆಗೆ ಬೇಕಾದರೂ ಹಾಕಲು ಮತ್ತೆ ಅದೇ ಅಧಿಕಾರ ಬೇಕು. ಸೆಂಡ್‌ಮೇಲ್ ಒಂದೇ ದೊಡ್ಡ ತಂತ್ರಾಂಶ. ಬಾಗಿಲು ತೆರೆಯುವವನೂ ಅದೇ, ವಿಳಾಸ ಓದುವವನೂ ಅದೇ, ಮನೆಮನೆಗೆ ಹಂಚುವವನೂ ಅದೇ. ಹೀಗಾಗಿ ಇಡೀ ತಂತ್ರಾಂಶವೇ ರೂಟ್ ಆಗಿ ಓಡುತ್ತಿತ್ತು. ಬಾಗಿಲಲ್ಲಿ ಅಪರಿಚಿತರ ಜತೆ ಮಾತನಾಡುವವನ ಸೊಂಟಕ್ಕೇ ಖಜಾನೆಯ ಕೀಲಿಗೊಂಚಲು ಕಟ್ಟಿದಂತೆ. ಅವನು ಒಂದು ಸಲ ಮೋಸ ಹೋದರೆ ಇಡೀ ಮನೆ ಹೋದಂತೆಯೇ ಸರಿ.

ಆಲ್ಮನ್ ಅವರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಅವರು ಬರೆದದ್ದು ಕೆಲವೇ ನೂರು ಯಂತ್ರಗಳಿದ್ದ, ಒಬ್ಬರಿಗೊಬ್ಬರು ಪರಿಚಯವಿದ್ದ ಪುಟ್ಟ ಲೋಕಕ್ಕಾಗಿ. ಹಳ್ಳಿಯಲ್ಲಿ ಹಗಲು ಬಾಗಿಲಿಗೆ ಚಿಲಕ ಹಾಕದವರನ್ನು ಯಾರೂ ಬೇಜವಾಬ್ದಾರರೆಂದು ಕರೆಯುವುದಿಲ್ಲ. ಆದರೆ ಹಳ್ಳಿ ಪೇಟೆಯಾಗುತ್ತಿತ್ತು.

1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟಪನ್ ಮಾರಿಸ್ ತಾನು ಬರೆದ ಪುಟ್ಟ ಪ್ರೋಗ್ರಾಮೊಂದನ್ನು ಎಂಐಟಿಯ ಕಂಪ್ಯೂಟರಿನಿಂದ ಜಾಲಕ್ಕೆ ಬಿಟ್ಟ. ತಾನಾಗಿ ನಕಲಾಗುತ್ತ ಯಂತ್ರದಿಂದ ಯಂತ್ರಕ್ಕೆ ಹರಿಯುವ ಹುಳು ಅದು. ಹೊಗಲು ಅದಕ್ಕೆ ಹಲವು ದಾರಿಗಳಿದ್ದವು. ಸುಲಭವಾಗಿ ಊಹಿಸಬಹುದಾದ ಗುಪ್ತಪದಗಳು ಒಂದು, 'ಫಿಂಗರ್' ಎಂಬ ಸೇವೆಯ ದೋಷ ಇನ್ನೊಂದು. ಮತ್ತೊಂದು ಸೆಂಡ್‌ಮೇಲ್. ದೋಷ ಹುಡುಕುವವರ ಅನುಕೂಲಕ್ಕೆಂದು ಸೆಂಡ್‌ಮೇಲ್‌ನಲ್ಲಿ ಒಂದು ವಿಶೇಷ ಸ್ಥಿತಿ ಇತ್ತು. ಅದು ಚಾಲನೆಯಲ್ಲಿದ್ದರೆ, ಪತ್ರ ಸೇರಬೇಕಾದವರ ವಿಳಾಸದ ಜಾಗದಲ್ಲಿ ವಿಳಾಸದ ಬದಲು ಒಂದು ಆಜ್ಞೆಯನ್ನು ಬರೆಯಬಹುದಿತ್ತು. ಸೆಂಡ್‌ಮೇಲ್ ಆ ಆಜ್ಞೆಯನ್ನು ವಿಧೇಯವಾಗಿ ಪಾಲಿಸುತ್ತಿತ್ತು. ಅನೇಕ ಯಂತ್ರಗಳಲ್ಲಿ ಆ ಸ್ಥಿತಿಯನ್ನು ಯಾರೂ ಮುಚ್ಚಿರಲಿಲ್ಲ.

ಹುಳು ಕಡತಗಳನ್ನು ಅಳಿಸಲಿಲ್ಲ. ಆದರೆ ಒಂದೇ ಯಂತ್ರಕ್ಕೆ ಮತ್ತೆ ಮತ್ತೆ ನುಗ್ಗಿ ಉಸಿರು ಕಟ್ಟಿಸಿತು. ಆಗ ಇಂಟರ್‌ನೆಟ್‌ನಲ್ಲಿದ್ದ ಸುಮಾರು 60,000 ಯಂತ್ರಗಳಲ್ಲಿ 6,000ದಷ್ಟು ಅದಕ್ಕೆ ಸಿಕ್ಕಿದವೆಂಬುದು ಅಂದಿನ ಅಂದಾಜು. ಅದೇ ತಿಂಗಳು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಂಥ ಅಪಾಯಗಳನ್ನು ನಿಭಾಯಿಸುವ ಸಿಇಆರ್‌ಟಿ ಕೇಂದ್ರ ಹುಟ್ಟಿತು. ಮಾರಿಸ್‌ಗೆ ಮೂರು ವರ್ಷಗಳ ಪರಿವೀಕ್ಷಣೆ, 400 ಗಂಟೆಗಳ ಸಮಾಜಸೇವೆ, ದಂಡ. ಮುಂದೆ ಅವರು ಎಂಐಟಿಯಲ್ಲೇ ಪ್ರಾಧ್ಯಾಪಕರಾದರು. ಸೆಂಡ್‌ಮೇಲ್‌ಗೆ ಮಾತ್ರ ಅಷ್ಟು ಬೇಗ ಬಿಡುಗಡೆ ಸಿಗಲಿಲ್ಲ. ಆ ದೋಷ ಮುಚ್ಚಿದರೂ ಮುಂದಿನ ವರ್ಷಗಳಲ್ಲಿ ಒಂದರ ಹಿಂದೆ ಒಂದು ತೂತು ಹೊರಬಂದವು. ತೇಪೆಯ ಮೇಲೆ ತೇಪೆ ಬಿತ್ತು.

1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆಯಲು ತೊಡಗಿದರು. ಕೆಲವೇ ವರ್ಷಗಳಲ್ಲಿ ವಿಶ್ವವಿದ್ಯಾಲಯದ ದುಬಾರಿ ಯಂತ್ರಗಳ ಯೂನಿಕ್ಸ್ ಗುಣಗಳು ಸಾಮಾನ್ಯ ಪಿಸಿಯ ಮೇಲೆ ಸಿಗುವಂತಾಯಿತು. ಜತೆಯಲ್ಲೇ ಸೆಂಡ್‌ಮೇಲ್ ಕೂಡ ಬಂತು. ಅಂಚೆಮನೆ ನಡೆಸುವವರು ಈಗ ಬೆರಳೆಣಿಕೆಯ ತಜ್ಞರಲ್ಲ, ಸಾವಿರ ಪುಟ ಓದದ ಸಾಮಾನ್ಯ ವ್ಯವಸ್ಥಾಪಕರು. ಬದಲಿ ಬೇಕೆಂಬ ಕೂಗು ಎದ್ದದ್ದು ಆಗ.

ಮೊದಲ ಬದಲಿಗಳಲ್ಲೊಂದು ಇಂಗ್ಲೆಂಡಿನಿಂದ ಬಂತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೇವಾ ವಿಭಾಗದಲ್ಲಿದ್ದ ಫಿಲಿಪ್ ಹೇಜಲ್ 1995ರಲ್ಲಿ ಎಕ್ಸಿಮ್ ಬರೆಯತೊಡಗಿದರು. 'ಪ್ರಾಯೋಗಿಕ ಇಂಟರ್‌ನೆಟ್ ಅಂಚೆ' ಎಂಬರ್ಥದ ಇಂಗ್ಲಿಷ್ ಪದಗಳ ಸಂಕ್ಷೇಪ ಅದು. ಪ್ರಯೋಗ ಮುಗಿದರೂ ಹೆಸರು ಉಳಿಯಿತು. ಹೇಜಲ್ ಅವರಿಗೆ ಸೆಂಡ್‌ಮೇಲ್‌ನ ಶಕ್ತಿ ಬೇಕಿತ್ತು, ಅದರ ಕಾಗೆ ಕಾಲು ಗುಬ್ಬಿ ಕಾಲು ಬೇಡವಾಗಿತ್ತು. ಮನುಷ್ಯರು ಓದಬಹುದಾದ ಸಂರಚನೆ, ಯಾರ ಪತ್ರ ಒಳಬರಬೇಕು ಯಾರದು ಬೇಡ ಎಂಬುದನ್ನು ಎಷ್ಟು ಸೂಕ್ಷ್ಮವಾಗಿ ಬೇಕಾದರೂ ಹೇಳುವ ಅವಕಾಶ - ಇವು ಎಕ್ಸಿಮ್‌ನ ಹೆಗ್ಗಳಿಕೆ. ಡೆಬಿಯನ್ ಲಿನಕ್ಸ್ ಅದನ್ನೇ ತನ್ನ ಅಂಚೆಯವನೆಂದು ಒಪ್ಪಿಕೊಂಡಿತು. ಆದರೆ ಮೂಲ ರಚನೆಯಲ್ಲಿ ಎಕ್ಸಿಮ್ ಕೂಡ ಒಂದೇ ದೊಡ್ಡ ಮನೆ. ಕೀಲಿಗೊಂಚಲು ಒಂದೇ ಸೊಂಟದಲ್ಲಿ ಉಳಿಯಿತು. ಇದರ ಫಲ ಕಾಣಲು ಕಾಲು ಶತಮಾನ ಬೇಕಾಯಿತು.

ಕೀಲಿಗೊಂಚಲನ್ನೇ ಬಿಚ್ಚಿ ಹಂಚಿದವರು ಗಣಿತಜ್ಞ ಡೇನಿಯಲ್ ಬರ್ನ್‌ಸ್ಟೈನ್. ಗೂಢಲಿಪಿಯ ಪ್ರಕಟಣೆಗೆ ನಿರ್ಬಂಧ ಹಾಕಿದ್ದ ಅಮೆರಿಕ ಸರ್ಕಾರವನ್ನೇ 1995ರಲ್ಲಿ ನ್ಯಾಯಾಲಯಕ್ಕೆ ಎಳೆದ ಈ ಮನುಷ್ಯ ಅದೇ ವರ್ಷದ ಕೊನೆಯಲ್ಲಿ ಕ್ಯೂಮೇಲ್ ಬರೆಯಲು ಕುಳಿತರು. ಒಂದು ದೊಡ್ಡ ತಂತ್ರಾಂಶದ ಬದಲು ಹತ್ತಾರು ಪುಟ್ಟ ತಂತ್ರಾಂಶಗಳು. ಹೊರಗಿನವರ ಜತೆ ಮಾತನಾಡುವವನು ಒಬ್ಬ; ಅವನಿಗೆ ಸರದಿಯ ಕಡತಗಳನ್ನು ಮುಟ್ಟುವ ಅಧಿಕಾರವಿಲ್ಲ. ಸರದಿಯಲ್ಲಿ ಇಡುವವನು ಇನ್ನೊಬ್ಬ; ಅವನಿಗೆ ಹೊರಗಿನ ಮಾತು ಕೇಳಿಸದು. ಇವರು ಒಬ್ಬರನ್ನೊಬ್ಬರು ನಂಬುವುದಿಲ್ಲ. ನಂಬದಿರುವುದೇ ಇಲ್ಲಿನ ಶಿಸ್ತು. ರೂಟ್‌ನ ಅಧಿಕಾರ ಎರಡು ಚಿಕ್ಕ ತುಣುಕುಗಳಿಗೆ ಮಾತ್ರ. 1997ರ ಫೆಬ್ರವರಿಯಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. ಮರುತಿಂಗಳೇ ಬರ್ನ್‌ಸ್ಟೈನ್ ಸವಾಲು ಹಾಕಿದರು: ಕ್ಯೂಮೇಲ್‌ನಲ್ಲಿ ಭದ್ರತೆಯ ತೂತನ್ನು ಮೊದಲು ತೋರಿಸಿದವರಿಗೆ 500 ಡಾಲರ್ ಬಹುಮಾನ.

ವರ್ಷಗಳು ಉರುಳಿದರೂ ಅವರು ಬಹುಮಾನ ಕೊಡಲಿಲ್ಲ. 2005ರಲ್ಲಿ ಜಾರ್ಜಿ ಗುನಿನ್‌ಸ್ಕಿ ಎಂಬ ಸಂಶೋಧಕರು, ಅಪಾರ ಸ್ಮರಣಶಕ್ತಿಯ 64 ಬಿಟ್ ಯಂತ್ರದಲ್ಲಿ ಕ್ಯೂಮೇಲ್ ಎಡವುತ್ತದೆ ಎಂದರು. ಯಾರೂ ಒಂದು ಪುಟ್ಟ ತಂತ್ರಾಂಶಕ್ಕೆ ಅಷ್ಟು ಸ್ಮರಣಶಕ್ತಿ ಬಿಟ್ಟುಕೊಡುವುದಿಲ್ಲ ಎಂದು ಬರ್ನ್‌ಸ್ಟೈನ್ ತಳ್ಳಿಹಾಕಿದರು. ಹದಿನೈದು ವರ್ಷಗಳ ನಂತರ, 2020ರಲ್ಲಿ, ಕ್ವಾಲಿಸ್ ಸಂಸ್ಥೆಯ ತಜ್ಞರು ಮಿತಿ ಹಾಕದ ಸಾಮಾನ್ಯ ಸ್ಥಾಪನೆಯಲ್ಲಿ ಅದೇ ದೋಷದಿಂದ ಒಳನುಗ್ಗಿ ತೋರಿಸಿದರು. ಅಷ್ಟರಲ್ಲಿ ಬರ್ನ್‌ಸ್ಟೈನ್ ಕ್ಯೂಮೇಲ್ ಬಿಟ್ಟು ಬಹುದೂರ ಸಾಗಿದ್ದರು. ಕುತೂಹಲದ ಸಂಗತಿಯೆಂದರೆ, 2007ರ ಒಂದು ಪ್ರಬಂಧದಲ್ಲಿ ಅವರು ತಮ್ಮದೇ ಹಳೆಯ ನಂಬಿಕೆಯನ್ನು ಪ್ರಶ್ನಿಸಿಕೊಂಡಿದ್ದರು: ಅಧಿಕಾರವನ್ನು ಚೂರು ಮಾಡಿ ಹಂಚುವುದರಿಂದ ಸುರಕ್ಷತೆ ಬರುವುದಿಲ್ಲ, ತಪ್ಪುಗಳನ್ನು ಕಡಿಮೆ ಮಾಡಬೇಕು, ಬರೆಯುವುದನ್ನೇ ಕಡಿಮೆ ಮಾಡಬೇಕು ಎಂಬುದು ಅವರ ವಾದ. ತಾನೇ ಕಟ್ಟಿದ ಮನೆಯ ಗೋಡೆಯನ್ನು ತಾನೇ ತಟ್ಟಿ ನೋಡುವ ಇಂಥವರು ಈ ಕ್ಷೇತ್ರದಲ್ಲಿ ವಿರಳ.

ಕ್ಯೂಮೇಲ್‌ನ ಕಾಲಿಗೆ ತೊಡಕಾದದ್ದು ಅದರ ಪರವಾನಗಿ. ತಾವು ಬರೆದದ್ದನ್ನು ತಿದ್ದಿ ಹಂಚಲು ಬರ್ನ್‌ಸ್ಟೈನ್ ಯಾರಿಗೂ ಅನುಮತಿ ಕೊಟ್ಟಿರಲಿಲ್ಲ. ಲಿನಕ್ಸ್ ವಿತರಕರಾದರೋ ಪ್ರತಿಯೊಂದು ತಂತ್ರಾಂಶವನ್ನೂ ತಮ್ಮ ವ್ಯವಸ್ಥೆಗೆ ಒಗ್ಗಿಸಿಯೇ ಹಂಚುವವರು. ಹೀಗಾಗಿ ಅವರ ಸಿಡಿಗಳಲ್ಲಿ ಸಿದ್ಧಪಡಿಸಿದ ಕ್ಯೂಮೇಲ್‌ಗೆ ಜಾಗವಿರಲಿಲ್ಲ. 1998ರ ಜೂನ್ ನಂತರ ಹೊಸ ಆವೃತ್ತಿಯೂ ಬರಲಿಲ್ಲ. ಬೇಕಾದವರು ಮೂಲವನ್ನು ತಂದು, ಹತ್ತು ಕಡೆಯ ತೇಪೆಗಳನ್ನು ಕೂಡಿಸಿ, ತಾವೇ ಕಟ್ಟಿಕೊಳ್ಳಬೇಕು. 2007ರ ನವೆಂಬರಿನಲ್ಲಿ ಬರ್ನ್‌ಸ್ಟೈನ್ ಅದನ್ನು ಸಾರ್ವಜನಿಕ ಸ್ವತ್ತಾಗಿ ಬಿಟ್ಟುಕೊಡುವ ಹೊತ್ತಿಗೆ ಮದುವೆ ಮುಗಿದು ಚಪ್ಪರ ಬಿಚ್ಚಿಯಾಗಿತ್ತು.

ಆ ನಡುವೆ ಜನರ ಮನ ಗೆದ್ದವರು ವೀಟ್ಸೆ ವೆನೆಮಾ. ನೆದರ್‌ಲೆಂಡ್ಸಿನ ಈ ಭೌತವಿಜ್ಞಾನಿ ಕಂಪ್ಯೂಟರ್ ಭದ್ರತೆಯಲ್ಲಿ ಆಗಲೇ ಹೆಸರು ಮಾಡಿದ್ದರು. ಅಮೆರಿಕದ ಐಬಿಎಂ ಸಂಶೋಧನಾಲಯದಲ್ಲಿದ್ದಾಗ ಅವರು ಬರೆದ ತಂತ್ರಾಂಶದ ಮೊದಲ ಹೆಸರು ವಿಮೇಲರ್. ಅದು ಬೇರೊಂದು ವ್ಯಾಪಾರ ಚಿಹ್ನೆಗೆ ಹತ್ತಿರವಾಗುತ್ತದೆಂದು ಹೆಸರು ಬದಲಾಯಿತು. 1998ರ ಡಿಸೆಂಬರಿನಲ್ಲಿ ಐಬಿಎಂ ಅದನ್ನು ಮೂಲ ಬರಹದ ಸಹಿತ ಲೋಕಕ್ಕೆ ಬಿಟ್ಟಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಸುದ್ದಿ ಮಾಡಿತು. ಅದೇ ಪೋಸ್ಟ್‌ಫಿಕ್ಸ್. ಕ್ಯೂಮೇಲ್‌ನಂತೆ ಇದೂ ಪುಟ್ಟ ಪುಟ್ಟ ಕೆಲಸಗಾರರ ಮನೆ. ಅವರ ಮೇಲೆ ಒಬ್ಬ ಮೇಸ್ತ್ರಿ. ಆದರೆ ವೆನೆಮಾ ಹಳಬರ ರೂಢಿಗೂ ಮರ್ಯಾದೆ ಕೊಟ್ಟರು. ಯೂನಿಕ್ಸ್‌ನ ಎಷ್ಟೋ ತಂತ್ರಾಂಶಗಳು ಪತ್ರ ಕಳುಹಿಸಬೇಕಾದಾಗ 'ಸೆಂಡ್‌ಮೇಲ್' ಎಂಬ ಆಜ್ಞೆಯನ್ನೇ ಕರೆಯುತ್ತವೆ. ಪೋಸ್ಟ್‌ಫಿಕ್ಸ್ ಅದೇ ಹೆಸರಿನಲ್ಲಿ ಓಗೊಡುತ್ತದೆ. ಅದರ ಸಂರಚನಾ ಕಡತದಲ್ಲಿ ಒಂದು ಹೆಸರು, ಸಮಚಿಹ್ನೆ, ಒಂದು ಬೆಲೆ, ಅಷ್ಟೆ.

ಇಲ್ಲೂ ಎಡವಿದ್ದುಂಟು. ಒಳಗಿನ ಬಳಕೆದಾರರು ಪತ್ರ ಹಾಕುವ ಕಡತಕೋಶವನ್ನು ವೆನೆಮಾ ಮೊದಲು ಎಲ್ಲರೂ ಬರೆಯಬಹುದಾದಂತೆ ತೆರೆದಿಟ್ಟಿದ್ದರು. ಬರ್ನ್‌ಸ್ಟೈನ್ ಬಹಿರಂಗವಾಗಿಯೇ ಅದನ್ನು ಟೀಕಿಸಿದರು. ಇಬ್ಬರ ನಡುವೆ ಬಿಸಿಬಿಸಿ ಮಾತು ನಡೆಯಿತು. ಮುಂದೆ ಪೋಸ್ಟ್‌ಫಿಕ್ಸ್‌ನಲ್ಲಿ ಆ ಕಡತಕೋಶಕ್ಕೆ ಪ್ರತ್ಯೇಕ ಕಾವಲುಗಾರ ಬಂದ. ಜಗಳದಿಂದ ಬಳಕೆದಾರರಿಗೆ ಲಾಭವೇ ಆಯಿತು ಎನ್ನಬೇಕು.

ಸೆಂಡ್‌ಮೇಲ್ ಕೂಡ ಕೈಕಟ್ಟಿ ಕುಳಿತಿರಲಿಲ್ಲ. ಯಾರು ಯಾರಿಗೆ ಕಳುಹಿಸುವ ಪತ್ರವನ್ನಾದರೂ ಮುಂದಕ್ಕೆ ದಾಟಿಸುವುದು ಹಳೆಯ ಜಾಲದ ಸೌಜನ್ಯವಾಗಿತ್ತು. ಆ ಸೌಜನ್ಯವನ್ನೇ ಜಾಹೀರಾತಿನ ಕಸ ಸುರಿಯುವವರು ಮೆಟ್ಟಿಲು ಮಾಡಿಕೊಂಡಾಗ, 1998ರ 8.9ನೇ ಆವೃತ್ತಿಯಿಂದ ಸೆಂಡ್‌ಮೇಲ್ ಅಪರಿಚಿತರ ಪತ್ರ ದಾಟಿಸುವುದನ್ನು ನಿಲ್ಲಿಸಿತು. 2001ರ 8.12ನೇ ಆವೃತ್ತಿಯಲ್ಲಿ, ಬಳಕೆದಾರರ ಪತ್ರ ಒಪ್ಪಿಕೊಳ್ಳುವ ಭಾಗವನ್ನು ರೂಟ್‌ನ ಅಧಿಕಾರದಿಂದ ಬೇರ್ಪಡಿಸಲಾಯಿತು. ಪ್ರತಿಸ್ಪರ್ಧಿಗಳ ಪಾಠವನ್ನು ಹಿರಿಯನೇ ಕಲಿತ. ಆದರೂ 2003ರ ಮಾರ್ಚಿನಲ್ಲಿ ಪತ್ರದ ತಲೆಬರಹ ಓದುವಾಗಲೇ ಸೆಂಡ್‌ಮೇಲ್ ದಾಳಿಗೆ ತುತ್ತಾಗಬಹುದೆಂಬ ಎಚ್ಚರಿಕೆ ಹೊರಬಿತ್ತು. 2010ರ ನವೆಂಬರಿನಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6ರಲ್ಲಿ ಸೆಂಡ್‌ಮೇಲ್‌ನ ಜಾಗಕ್ಕೆ ಪೋಸ್ಟ್‌ಫಿಕ್ಸ್ ಬಂತು. ಬಹುಪಾಲು ವ್ಯವಸ್ಥಾಪಕರು ಸಿಡಿಯಲ್ಲಿ ಬಂದದ್ದನ್ನೇ ಇಟ್ಟುಕೊಳ್ಳುತ್ತಾರೆ. ಹೀಗಾಗಿ ಸಾವಿರಾರು ಕಚೇರಿಗಳ ಪರವಾಗಿ ಆಯ್ಕೆ ಮಾಡಿದವರು ವಿತರಕರೇ.

ಎಕ್ಸಿಮ್‌ನ ಪರೀಕ್ಷೆ ಬಂದದ್ದು 2019ರ ಜೂನ್‌ನಲ್ಲಿ. ಹೇಜಲ್ 2007ರಲ್ಲೇ ನಿವೃತ್ತರಾಗಿದ್ದರು. ಎಕ್ಸಿಮ್ ಮಾತ್ರ ಜಾಲತಾಣಗಳಿಗೆ ಬಾಡಿಗೆ ಜಾಗ ಕೊಡುವ ಕಂಪನಿಗಳ ಸಿಪ್ಯಾನೆಲ್ ವ್ಯವಸ್ಥೆಯ ಮೂಲಕ ಎಲ್ಲೆಡೆ ಹಬ್ಬಿತ್ತು. ಪತ್ರ ಸೇರಬೇಕಾದವರ ವಿಳಾಸದ ಜಾಗದಲ್ಲಿ ಒಂದು ಆಜ್ಞೆಯನ್ನು ಬರೆದು ಕಳುಹಿಸಿದರೆ ಎಕ್ಸಿಮ್ ಅದನ್ನು ಪಾಲಿಸುತ್ತದೆ, ಅದೂ ರೂಟ್‌ನ ಅಧಿಕಾರದಲ್ಲಿ, ಎಂದು ಕ್ವಾಲಿಸ್ ಪ್ರಕಟಿಸಿತು. ವಿಳಾಸದ ಜಾಗದಲ್ಲಿ ಆಜ್ಞೆ! ಮಾರಿಸ್‌ನ ಹುಳು ಸೆಂಡ್‌ಮೇಲ್‌ನ ಬಾಗಿಲಲ್ಲಿ ಬಳಸಿದ್ದ ಉಪಾಯವೇ ಮೂವತ್ತೊಂದು ವರ್ಷಗಳ ನಂತರ ಬೇರೊಂದು ಮನೆಯ ಬಾಗಿಲಲ್ಲಿ ಕಾಣಿಸಿಕೊಂಡಿತು. ರಷ್ಯಾದ ಸೇನಾ ಗುಪ್ತಚರ ವಿಭಾಗಕ್ಕೆ ಸೇರಿದ ಗುಂಪು ಈ ದೋಷವನ್ನು ಬಳಸುತ್ತಿದೆಯೆಂದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ 2020ರ ಮೇ ತಿಂಗಳಲ್ಲಿ ಎಚ್ಚರಿಸಿತು.

ಇಂದು ಲಿನಕ್ಸ್ ಮೇಲೆ ಹೊಸದಾಗಿ ಅಂಚೆಮನೆ ಕಟ್ಟುವವರಿಗೆ ಪೋಸ್ಟ್‌ಫಿಕ್ಸ್ ಹಾಕಿಕೊಳ್ಳಿ ಎನ್ನುವುದು ಸಾಧಾರಣ ಸಲಹೆ. ತಪ್ಪಾದ ಸಲಹೆಯೂ ಅಲ್ಲ. ವಿಚಿತ್ರ ನಿಯಮಗಳು ಬೇಕಾದವರು ಎಕ್ಸಿಮ್ ಕಡೆಗೆ ಹೋಗುತ್ತಾರೆ. ಬಂದ ಪತ್ರಗಳನ್ನು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಓದಿಸುವ ಕೆಲಸಕ್ಕೆ ಡವ್‌ಕಾಟ್‌ನಂಥ ಬೇರೆ ತಂತ್ರಾಂಶವನ್ನು ಪಕ್ಕದಲ್ಲಿ ನಿಲ್ಲಿಸಬೇಕು. ಅಷ್ಟಕ್ಕೆ ಮುಗಿಯುವುದಿಲ್ಲ. ಪತ್ರ ತನ್ನದೇ ಎಂದು ಸಾಬೀತುಪಡಿಸುವ ಸಹಿ, ಯಾವ ಯಂತ್ರಕ್ಕೆ ತನ್ನ ಹೆಸರಿನಲ್ಲಿ ಕಳುಹಿಸುವ ಹಕ್ಕಿದೆ ಎಂಬ ಪ್ರಕಟಣೆ ಇವೆಲ್ಲ ಇಲ್ಲದ ಪತ್ರಗಳನ್ನು ದೊಡ್ಡ ಕಂಪನಿಗಳ ಅಂಚೆಮನೆಗಳು ಬಾಗಿಲಲ್ಲೇ ತಡೆಯಬಹುದು, ಇಲ್ಲವೇ ಕಸದ ಪೆಟ್ಟಿಗೆಗೆ ತಳ್ಳಬಹುದು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಪತ್ರ ಕಳುಹಿಸುವವರಿಗೆ ಈ ನಿಯಮಗಳನ್ನು ಕಡ್ಡಾಯ ಮಾಡಿವೆ. ಈ ತಲೆನೋವೇ ಬೇಡವೆಂದು ಎಷ್ಟೋ ಸಂಸ್ಥೆಗಳು ಅಂಚೆಯನ್ನು ಪೂರ್ತಿ ಇಂಥ ಕಂಪನಿಗಳಿಗೇ ಒಪ್ಪಿಸಿಬಿಟ್ಟಿವೆ. ಆಗ ಕೀಲಿಗೊಂಚಲು ಮನೆಯೊಳಗಿನ ಯಾವ ತಂತ್ರಾಂಶದ ಸೊಂಟದಲ್ಲಿದೆ ಎಂಬ ಪ್ರಶ್ನೆ ಉಳಿಯುವುದಿಲ್ಲ. ಅದು ಊರಾಚೆ ಇರುತ್ತದೆ.

ಕನ್ನಡಿಗರಿಗೆ ಈ ಆಯ್ಕೆಯಲ್ಲಿ ಇನ್ನೊಂದು ಎಳೆಯಿದೆ. ಪೋಸ್ಟೆಲ್ ನಿಯಮ ಬರೆದಾಗ ಅಂಚೆಗೆ ಗೊತ್ತಿದ್ದದ್ದು ಇಂಗ್ಲಿಷಿನ ಅಕ್ಷರಗಳು ಮಾತ್ರ. 1992ರಲ್ಲಿ ಬಂದ ಮೈಮ್ ನಿಯಮದಿಂದ ಪತ್ರದ ಒಡಲಲ್ಲಿ ಬೇರೆ ಲಿಪಿಗಳಿಗೂ ಜಾಗ ಸಿಕ್ಕಿತು. ಲಕೋಟೆಯ ಮೇಲಿನ ವಿಳಾಸ ಮಾತ್ರ ಇಂಗ್ಲಿಷಿನಲ್ಲೇ ಉಳಿಯಿತು. ವಿಳಾಸವನ್ನೂ ಯಾವ ಲಿಪಿಯಲ್ಲಾದರೂ ಬರೆಯಬಹುದೆಂಬ ಹೊಸ ನಿಯಮ ಬಂದದ್ದು 2012ರಲ್ಲಿ. ಇಂದು '.ಭಾರತ' ಎಂಬ ಕೊನೆಯ ಹೆಸರು ಕನ್ನಡ ಲಿಪಿಯಲ್ಲೇ ಇದೆ. ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಿಂದ ಇಂಥ ವಿಳಾಸಗಳನ್ನು ಓದಬಲ್ಲದು. ಸೆಂಡ್‌ಮೇಲ್ 2021ರಲ್ಲಿ, ಪ್ರಾಯೋಗಿಕವಾಗಿ, ಕಲಿತುಕೊಂಡಿತು. 1998ರಲ್ಲೇ ನಿಂತುಹೋದ ಮೂಲ ಕ್ಯೂಮೇಲ್‌ಗೆ ಅದು ಗೊತ್ತೇ ಇಲ್ಲ. ಪತ್ರದ ದಾರಿಯಲ್ಲಿ ಬರುವ ಅಂಚೆಮನೆಗಳಲ್ಲಿ ಒಂದೇ ಒಂದು ಈ ನಿಯಮವನ್ನು ಅರಿಯದಿದ್ದರೂ ಕನ್ನಡದ ವಿಳಾಸ ಹೊತ್ತ ಪತ್ರ ಅಲ್ಲಿಂದ ಮುಂದೆ ಹೋಗುವುದಿಲ್ಲ. ಬರೆದವರ ಪೆಟ್ಟಿಗೆಗೆ ಹಿಂದಿರುಗುತ್ತದೆ, ಇಂಗ್ಲಿಷಿನ ಒಂದು ಒಕ್ಕಣೆಯೊಂದಿಗೆ.